ಬಸ್ಸಿನ ಸೀಟು ಅಂದುಕೊಂಡೆ ಎಂದ ಸುಳ್ಳು

ಪುಣೆಗೆ ಬಂದ ಮೂರನೇ ದಿನ ನಾನು ಕೆಲಸಕ್ಕೆ ಸೇರಿದ್ದ ಬೇಕರಿಯ ಮುಂದೆ ನಿಂತ ಹೆಂಗಸೊಬ್ಬರು ನೋಟು ಚಾಚಿ "ಸುಟ್ಟೆ?" ಎಂದರು. ನಾನು ಒಳಗೆ ಓಡಿ ಭಟ್ಟಿಯ ಬಾಗಿಲು ತೆರೆದುಬಿಟ್ಟೆ. ಬ್ರೆಡ್ಡು ಸುಟ್ಟಿರಲಿಲ್ಲ. ಅರ್ಧ ಬೆಂದು ಉಬ್ಬುತ್ತಿದ್ದದ್ದು ನನ್ನ ಕಣ್ಣೆದುರೇ ಕುಸಿದು ಕೂತಿತು. ನನಗಿಂತ ಎರಡು ವರ್ಷ ಮೊದಲೇ ಬಂದಿದ್ದ ಅರಕಲಗೂಡಿನ ಮಂಜ ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ.

"ಲೇ, ಸುಟ್ಟೆ ಅಂದ್ರೆ ಇಲ್ಲಿ ಚಿಲ್ರೆ ಕಣ್ಲಾ! ಚಿಲ್ರೆ ಕೇಳುದ್ರೆ ಒಲೆ ತಗೀತೀಯಲ್ಲ!"

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಹಳ್ಳಿಮೈಸೂರಿನವನು. ಏಳನೇ ಕ್ಲಾಸಿಗೆ ಪುಸ್ತಕ ಬಿಟ್ಟವನು. ಅಲ್ಲಿ ಮಾತಿಗೆ ಮೊದಲು "ಊಟ ಆಯ್ತಾ" ಎಂದು ಕೇಳುತ್ತಾರೆ. ಇಲ್ಲಿ ಖೋಲಿ, ಅಂದರೆ ಒಂದೇ ಕೋಣೆಯ ಮನೆಯಲ್ಲಿ, ಆರು ಜನ ಮಲಗುತ್ತಿದ್ದೆವು. ಯಾರು ಉಂಡರು ಯಾರು ಬಿಟ್ಟರು ಯಾರಿಗೂ ತಿಳಿಯುತ್ತಿರಲಿಲ್ಲ. ಮುದ್ದೆಯ ಬದಲು ಜೋಳದ ಭಾಕ್ರಿ. ಅದನ್ನು ಜಗಿಯಬೇಕು, ನುಂಗುವ ಹಾಗಿಲ್ಲ. ಮೊದಲ ತಿಂಗಳು ದವಡೆ ನೋಯುತ್ತಿತ್ತು. ಪದರ ಪದರವಾದ ಖಾರಿ ಬಿಸ್ಕತ್ತು ನನ್ನ ಕೈಯಲ್ಲಿ ಸರಿಯಾಗಿ ಉಬ್ಬಿದ ದಿನ ಮಾಲೀಕರು ಏನೂ ಬಯ್ಯಲಿಲ್ಲ. ಅದನ್ನೇ ಕಾಗದದಲ್ಲಿ ಬರೆದು ಊರಿಗೆ ಹಾಕಿದೆ. ಸುಟ್ಟೆಯ ಕತೆಯನ್ನೂ ಬರೆದೆ. ತಂಗಿ ರತ್ನ ಅದನ್ನು ಅವ್ವನಿಗೆ ಓದಿ ಹೇಳಿ ಇಬ್ಬರೂ ನಕ್ಕರಂತೆ.

ಅಪ್ಪ ಇರಲಿಲ್ಲ. ರತ್ನ ಪಿಯುಸಿ ಓದುವಾಗ ಅವ್ವನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಹೊರಗಿನವರು ಮುಟ್ಟಿದರೆ ಅವ್ವ ಸೀರೆ ಬಿಗಿಹಿಡಿದು ಕಿರುಚುತ್ತಿದ್ದಳು. ರತ್ನ ಬೆಳಗ್ಗೆ ಅವ್ವನನ್ನು ತೊಳೆದು, ಬಟ್ಟೆ ಬದಲಿಸಿ, ಗಂಜಿ ಕುಡಿಸಿ ಹೊಳೆನರಸೀಪುರದ ಬಸ್ಸು ಹತ್ತುತ್ತಿದ್ದಳು. ಕ್ಲಾಸು ಮುಗಿದ ಕೂಡಲೇ ವಾಪಸ್. ಹಾಗೆಯೇ ಬಿಎಸ್ಸಿ ಮುಗಿಸಿದಳು. ನಾನು ಹಣ ಕಳಿಸುತ್ತಿದ್ದೆ. ನನ್ನ ಪಾಲು ಮುಗಿಯಿತು ಎಂದುಕೊಂಡಿದ್ದೆ.

ಆ ವರ್ಷ ರಜಕ್ಕೆ ಹೋದಾಗ ಅವಳು ಅವ್ವನ ಮಂಚದ ಅಂಚಿನಲ್ಲಿ ಕೂತು ಎಂಎಸ್ಸಿ ಗಣಿತಕ್ಕೆ ಅರ್ಜಿ ತುಂಬುತ್ತಿದ್ದಳು. ಮೈಸೂರಿನ ಯೂನಿವರ್ಸಿಟಿ.

"ಅಣ್ಣ, ಪಠ್ಯೇತರ ಚಟುವಟಿಕೆ ಅಂತ ಕೇಳವ್ರೆ. ಅವ್ವುನ್ನ ಮಗ್ಗುಲಿಗೆ ತಿರುಗ್ಸೋದು ಅಂತ ಬರೀಲಾ?"

"ಬರಿಯೇ," ಎಂದಳು ಅವ್ವ, ಸೊಟ್ಟ ಬಾಯಲ್ಲಿ. "ದಿನುಕ್ಕೆ ನಾಕ್ ಸರ್ತಿ ಅಂತ್ಲೂ ಬರಿ."

ಮೂವರೂ ನಕ್ಕೆವು. ಸೀಟು ಸಿಕ್ಕರೆ ಯೂನಿವರ್ಸಿಟಿ ಹತ್ತಿರವೇ ಕೋಣೆ ಹಿಡಿದು ಅವ್ವನನ್ನೂ ಕರೆದುಕೊಂಡು ಹೋಗುವುದು ಅವಳ ಲೆಕ್ಕಾಚಾರ. ಆದರೆ ಸೇರಿಕೊಳ್ಳಲು, ಕೋಣೆ ಗೊತ್ತುಮಾಡಲು ಎರಡು ದಿನ ಬೇಕು. "ಆ ಎಲ್ಡ್ ದಿನ ನೀನ್ ಬಂದು ಅವ್ವುನ್ನ ನೋಡ್ಕೊ, ಸಾಕು. ಮಿಕ್ಕಿದ್ದು ನಂಗ್ ಬುಡು" ಎಂದಳು. "ಬತ್ತೀನಿ ಕಣವ್ವ" ಎಂದೆ.

ಅದೇ ಸಂಜೆ ಅವ್ವ ಹಾಸಿಗೆಯಲ್ಲೇ ಒದ್ದೆ ಮಾಡಿಕೊಂಡಳು. "ಅಣ್ಣ, ಒಸಿ ಇಡ್ಕೊ ಬಾ" ಎಂದು ರತ್ನ ಕರೆದಳು. ಅವ್ವನ ಸೀರೆ ಸರಿದಿತ್ತು. ನಾನು ಬೀಡಿ ತರುವ ನೆಪ ಹೇಳಿ ಹೊರಗೆ ಹೋದೆ. ಬಾಗಿಲು ದಾಟುವಾಗ ಅವ್ವ ನನ್ನನ್ನೇ ನೋಡುತ್ತಿದ್ದಳು.

ಎರಡು ತಿಂಗಳಾದ ಮೇಲೆ ಬೇಕರಿಗೆ ಫೋನು ಬಂತು. ನಾನು ಸರಕು ತರಲು ಹೋಗಿದ್ದೆ, ಮಂಜ ಎತ್ತಿದ್ದ.

"ನಿನ್ ತಂಗಿ ಕಣ್ಲಾ. ಸೀಟ್ ಸಿಕ್ತಂತೆ, ಸೋಮವಾರ ಮೈಸೂರಂತೆ. ಅಷ್ಟೊತ್ಗೆ ಲೈನ್ ಕಟ್ಟಾಯ್ತು. ಅಲ್ಲ ಕಣ್ಲಾ, ಬಸ್ನಾಗೆ ಸೀಟ್ ಸಿಕ್ಕುದ್ರೆ ಅದ್ನ ಏಳಾಕೆ ಎಸ್‌ಟಿಡಿ ಮಾಡ್ತಾರಾ?"

ನನಗೆ ಆ ಕ್ಷಣವೇ ಅರ್ಥವಾಯಿತು. ಇದನ್ನು ಮೊದಲ ಸಲ ಬರೆಯುತ್ತಿದ್ದೇನೆ. ಅರ್ಥವಾದ ಕೂಡಲೇ ಕಣ್ಣ ಮುಂದೆ ಬಂದದ್ದು ರತ್ನಳ ಕಾಲೇಜಲ್ಲ, ಆ ಸರಿದ ಸೀರೆ. ಎರಡು ದಿನ ನಾನೇ ತೊಳೆಯಬೇಕು. ನನ್ನನ್ನು ಹೆತ್ತ ಮೈ ಅದು, ನನಗೆ ಅಸಹ್ಯವಾಯಿತು.

"ಊ ಕಣ್ಲಾ," ಎಂದೆ. "ಅವ್ವುನ್ನ ಆಸ್ಪತ್ರೆಗೆ ಕರ್ಕಂಡೋಗಾಕೆ ಬಸ್ ಸೀಟ್ ಮಾಡ್ಸಿರ್ಬೇಕು."

ಮಂಜ ತಲೆ ಆಡಿಸಿ ಹಿಟ್ಟು ನಾದಲು ಹೋದ. ಸೋಮವಾರದೊಳಗೆ ಊರು ಮುಟ್ಟಿಸುವ ಶನಿವಾರದ ರೈಲು ಹೊರಟಿತು. ನಾನು ಖಾರಿ ಮಡಿಸುತ್ತಿದ್ದೆ.

ಬುಧವಾರ ನಮ್ಮ ಪಕ್ಕದ ಮನೆಗೆ ಫೋನು ಮಾಡಿದೆ. ರತ್ನ ಬಂದಳು. ಭಾನುವಾರವೇ ಅಂಕಪಟ್ಟಿಗಳನ್ನು ಚೀಲಕ್ಕೆ ಹಾಕಿ, ಸೋಮವಾರ ಮೊದಲ ಬಸ್ಸಿಗೆ ಸೀರೆ ಉಟ್ಟು ನನಗಾಗಿ ಕಾದಿದ್ದಳಂತೆ. ಒಂದೊಂದು ಬಸ್ಸು ಬಂದಾಗಲೂ ಬಾಗಿಲಿಗೆ ಬಂದು ನೋಡಿದಳಂತೆ. ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಗಿತ್ತು.

"ಅಯ್ಯೋ, ನಾನು ಬಸ್ ಸೀಟು ಅನ್ಕಂಡೆ ಕಣವ್ವ" ಎಂದೆ.

ಅವಳು ನಕ್ಕಳು. "ಸುಟ್ಟೆ ಅಂದ್ರೆ ಒಲೆ ತಗದೋನಲ್ವಾ ನೀನು! ಓಗ್ಲಿ ಬುಡಣ್ಣ. ನಾನೇ ಬುಡಿಸಿ ಏಳ್ಬೇಕಾಗಿತ್ತು."

ಅವಳು ಬಯ್ದಿದ್ದರೆ ನಿಜ ಹೇಳುತ್ತಿದ್ದೆನೇನೋ. ತಪ್ಪನ್ನು ತನ್ನ ಮೇಲೆಯೇ ಹಾಕಿಕೊಂಡಳು; ನಾನು ಹಾಗೇ ಬಿಟ್ಟುಬಿಟ್ಟೆ.

ಮತ್ತೆ ಅರ್ಜಿ ಹಾಕಲಿಲ್ಲ. ಇನ್ನೂ ಆರು ವರ್ಷ ಅವ್ವನನ್ನು ತಿರುಗಿಸಿ ಮಲಗಿಸಿದಳು. ಅವ್ವ ಹೋದ ಮೇಲೆ ಚನ್ನರಾಯಪಟ್ಟಣಕ್ಕೆ ಮದುವೆಯಾಗಿ ಹೋದಳು; ಮನೆಯಲ್ಲೇ ಮಕ್ಕಳಿಗೆ ಲೆಕ್ಕದ ಪಾಠ ಹೇಳುತ್ತಾಳೆ. ಅವಳ ಮಗಳಿಗೆ ನನ್ನ ಕತೆ ಬಾಯಿಪಾಠ. ನಾನು ಬಸ್ಸಿಳಿದು ಬಾಗಿಲಿಗೆ ಬಂದರೆ ಸಾಕು, "ಮಾವ, ಸೀಟ್ ಸಿಕ್ತಾ?" ಎಂದು ಕೇಳಿ ನಗುತ್ತಾಳೆ. ನಾನೂ ನಗುತ್ತೇನೆ.

ಈಗ ಪುಣೆಯಲ್ಲಿ ನನ್ನದೇ ಸಣ್ಣ ಬೇಕರಿ ಇದೆ. ಇಲ್ಲಿಯವರಿಗೆ ನಾನು ಇಂದಿಗೂ ಮದ್ರಾಸಿ, ಊರಿನವರಿಗೆ ಪುಣೆಯವನು. ಹಳ್ಳಿಮೈಸೂರಿನ ಹೆಸರೆತ್ತಿದರೆ ಊರು ನೆನಪಾಗುವುದಿಲ್ಲ. ಬಾಗಿಲಿಗೆ ಬಂದು ಬಸ್ಸು ನೋಡುವ ಹುಡುಗಿ ನೆನಪಾಗುತ್ತಾಳೆ. ಇಲ್ಲಿ ಭಟ್ಟಿಯ ಮುಂದೆ ನಿಂತರೆ, ಆ ಶನಿವಾರ ನಾನು ನಿಂತಿದ್ದ ಜಾಗ ಇದೇ ಅನ್ನಿಸುತ್ತದೆ.

ಕಳೆದ ಸಲ ರತ್ನಳ ಮನೆಯಿಂದ ಹೊರಟಾಗ, ಬಸ್ಸು ಹತ್ತಿಸಲು ಜೊತೆಗೆ ಬಂದ ಅವಳಿಗೆ ಈ ನಿಜ ಹೇಳಿಯೇ ಹೋಗಬೇಕೆಂದು ಚನ್ನರಾಯಪಟ್ಟಣದ ಸ್ಟ್ಯಾಂಡಿನವರೆಗೂ ಮಾತು ಜೋಡಿಸುತ್ತಾ ಬಂದೆ. ನಾನು ರೈಲಿಗೆ ಹೋಗಬೇಕಿದ್ದ ಅರಸೀಕೆರೆ ಬಸ್ಸು ತುಂಬಿ ತುಳುಕುತ್ತಿತ್ತು. "ರತ್ನ, ಆವತ್ತು ಸೀಟು..." ಎನ್ನುವಷ್ಟರಲ್ಲಿ ಅವಳು ನನ್ನ ಹೆಗಲ ಟವಲ್ ಕಿತ್ತುಕೊಂಡು, ಜನರ ನಡುವೆ ನುಗ್ಗಿ, ಕಿಟಕಿಯಿಂದ ಒಳಗೆಸೆದಳು.

"ಸೀಟ್ ಇಡ್ದಿವ್ನಿ ಕಣಣ್ಣ, ಬಿರ್ನೆ ಅತ್ತು! ಅಷ್ಟು ದೂರ ಓಗೋನು, ನಿಂತ್ಕಂಡ್ ಓಗ್ತೀಯ?"

ಹತ್ತಿದೆ. ಟವಲ್ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅವಳು ಹಿಡಿದುಕೊಟ್ಟ ಸೀಟಿನಲ್ಲಿ ಕೂತೆ.