ಔಷಧಿ ಮುಟ್ಟದ ತಟ್ಟೆ

ಇಂಥ ಕಥೆಗಳನ್ನು ಬೇರೆಯವರು ಹೇಳಿದಾಗ ಮುಖದೆದುರೇ ನಗುತ್ತಿದ್ದವಳು ನಾನು. ಕಣಕುಂಬಿಯ ಕಾಡುದಾರಿಯಲ್ಲಿ ಯಾರೋ ಹೆಸರು ಹಿಡಿದು ಕರೆದರೆಂದು ಗೆಳತಿಯೊಬ್ಬಳು ಚಳಿಜ್ವರ ಬಂದು ಮಲಗಿದಾಗ, ಮೊದಲು ರಕ್ತ ಪರೀಕ್ಷೆ ಮಾಡಿಸು ಎಂದು ಗದರಿ ಬಂದಿದ್ದೆ. ಮಲೇರಿಯಾ ಆಗಿತ್ತು. ಈಗ ನಾನೇ ಬರೆಯಲು ಕುಳಿತಿರುವುದರಿಂದ ನಗುವ ಸರದಿ ನಿಮ್ಮದು.

ಬೆಳಗಾವಿಯ ಒಂದು ಪ್ರಯೋಗಾಲಯದಲ್ಲಿ ರಕ್ತದ ಕ್ಯಾನ್ಸರಿನ ಜೀವಕೋಶಗಳನ್ನು ನೋಡುವುದು ನನ್ನ ಕೆಲಸ. ನಮ್ಮ ಮೈಯ ಪ್ರತಿ ಜೀವಕೋಶವೂ ತನ್ನ ಸಾವಿನ ಸಿದ್ಧತೆಯನ್ನು ಒಳಗೇ ಇಟ್ಟುಕೊಂಡಿರುತ್ತದೆ. ಕೆಟ್ಟಿತೆಂದರೆ ಗದ್ದಲವಿಲ್ಲದೆ ಕುಗ್ಗುತ್ತದೆ, ಒಳಗಿನ ಬೀಜ, ಅಂದರೆ ಕೋಶಕೇಂದ್ರ, ಚೂರಾಗುತ್ತದೆ, ಕೊನೆಗೆ ಸಣ್ಣ ಸಣ್ಣ ಗಂಟುಗಳಾಗಿ ಒಡೆಯುತ್ತದೆ. ಅಕ್ಕಪಕ್ಕದ ಕೋಶಗಳು ಆ ಗಂಟುಗಳನ್ನು ನುಂಗಿ ಜಾಗ ಚೊಕ್ಕಟ ಮಾಡುತ್ತವೆ. ಕ್ಯಾನ್ಸರಿನ ಕೋಶ ಈ ಸಾವಿಗೆ ಬೀಗ ಜಡಿದು ಕುಳಿತಿರುತ್ತದೆ. ಹೊಸ ಔಷಧಿಗಳಲ್ಲಿ ಕೆಲವು ಆ ಬೀಗವನ್ನು ತೆಗೆಯುತ್ತವೆ. ಆಮೇಲೆ ಕೋಶ ತಾನೇ ಸಾಯುತ್ತದೆ.

ಕೆಲವು ವರ್ಷಗಳ ಹಿಂದೆ ಈ ಕಾಯಿಲೆ ಖಾನಾಪುರದ ಕಮಲಾ ಮಾವಶಿಗೆ ಬಂತು. ಅವಳು ನನ್ನ ತಾಯಿಯ ತಂಗಿ. ತಾಯಿ ತೀರಿದ ಮೇಲೆ ನನ್ನನ್ನು ಸಾಕಿದವಳು. ಅವರದು ಹಂಚಿನ ಭಟ್ಟಿಯ ಮನೆತನ. ಮಣ್ಣು ತರುವವರು, ಹಂಚು ಕೊಳ್ಳುವವರು, ಹೀಗೆ ದಿನವೆಲ್ಲ ಬಂದುಹೋಗುವವರ ಗಲಾಟೆಯಲ್ಲೇ ಅವಳ ಆಯುಷ್ಯ ಕಳೆದಿತ್ತು. ಮೊದಲಿನ ಔಷಧಿಗಳು ನಾಟಲಿಲ್ಲ. ಉಳಿದದ್ದು ಒಂದೇ ಹೊಸ ಗುಳಿಗೆ. ಅದೂ ಆಗದಿದ್ದರೆ ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದ್ದರು. ನಾನು ಅಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಗುಳಿಗೆ ಶುರುವಾಗುವ ಮೊದಲೇ, ಅವಳ ಒಪ್ಪಿಗೆ ಪಡೆದು, ಅವಳ ರಕ್ತದ ಒಂದು ಪಾಲು ನಮ್ಮ ಪ್ರಯೋಗಾಲಯಕ್ಕೆ ಬಂದಿತ್ತು. ಅದರ ಕ್ಯಾನ್ಸರ್ ಕೋಶಗಳನ್ನು ಎರಡು ಸಣ್ಣ ತಟ್ಟೆಗಳಲ್ಲಿ ಬದುಕಿಸಿಟ್ಟೆವು. ಒಂದಕ್ಕೆ ಅದೇ ಔಷಧಿ ಹಾಕಿದೆವು. ಇನ್ನೊಂದಕ್ಕೆ ಏನೂ ಹಾಕಲಿಲ್ಲ, ಅದು ಹೋಲಿಕೆಗೆ. ಬಾಜುವಿಗೇ ಬೇರೊಬ್ಬ ರೋಗಿಯ ಕೋಶಗಳ ತಟ್ಟೆ ಇತ್ತು.

ಆಸ್ಪತ್ರೆಯಲ್ಲಿ ಮಾವಶಿ ಮೊದಲ ಗುಳಿಗೆ ನುಂಗಿದ ದಿನ ಬೆಳಿಗ್ಗೆ ನಾನು ತಟ್ಟೆಗಳನ್ನು ನೋಡಿದೆ. ಔಷಧಿ ಹಾಕಿದ ತಟ್ಟೆಯಲ್ಲಿ ಕೋಶಗಳು ಕುಗ್ಗತೊಡಗಿದ್ದವು. ಹಾಕದ ತಟ್ಟೆಯಲ್ಲಿ ದುಂಡಗೆ, ಮಿರಿಮಿರಿ ಮಿಂಚುತ್ತ ಕುಳಿತಿದ್ದವು. ಮಧ್ಯಾಹ್ನ ಊಟ ಮುಗಿಸಿ ಬಂದು ಮತ್ತೆ ನೋಡಿದರೆ, ಔಷಧಿ ಮುಟ್ಟದ ಆ ತಟ್ಟೆಯಲ್ಲಿ ಒಂದೂ ಉಳಿದಿರಲಿಲ್ಲ. ಎಲ್ಲ ಕುಗ್ಗಿ, ಒಡೆದು, ಗಂಟುಗಂಟಾಗಿ ಬಿದ್ದಿದ್ದವು. ಬೇರೊಬ್ಬ ರೋಗಿಯ ಕೋಶಗಳು ಮಾತ್ರ ಅದೇ ಬಿಸಿಯಲ್ಲಿ, ಅದೇ ಗಾಳಿಯಲ್ಲಿ ಆರಾಮಾಗಿದ್ದವು.

"ಮೈಯಿಂದ ಹೊರಗ ಬಂದ ಕೋಶ ಎಷ್ಟ ದಿವಸ ಬದುಕ್ತಾವ್ರೀ? ಸತ್ತಾವ, ಬಿಡ್ರಿ," ಎಂದ ನನ್ನ ಸಹೋದ್ಯೋಗಿ. ಖರೇ, ಸಾಯುತ್ತವೆ. ಆದರೆ ಒಂದೊಂದಾಗಿ, ದಿನಗಟ್ಟಲೆ ಹಿಡಿದು ಸಾಯುತ್ತವೆ. ಊಟ ಮಾಡಿ ಬರುವಷ್ಟರಲ್ಲಿ ಊರಿಗೆ ಊರೇ ಎದ್ದು ಹೋದಂತೆ ಹೋಗುವುದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ತಟ್ಟೆ ಅದಲು ಬದಲಾಗಿದೆಯೇ, ಪಕ್ಕದ ತಟ್ಟೆಯ ಔಷಧಿ ಇದಕ್ಕೆ ಸಿಡಿದಿದೆಯೇ, ಎಲ್ಲ ತಪಾಸು ಮಾಡಿದೆ. ಏನೂ ಸಿಗಲಿಲ್ಲ.

ಸಂಜೆ ಆಸ್ಪತ್ರೆಗೆ ಹೋದಾಗ ಮಾವಶಿ ಹಾಸಿಗೆಯ ಮೇಲೆ ಎದ್ದು ಕುಳಿತಿದ್ದಳು. ನಾನು ತಟ್ಟೆಯ ಮಾತು ಎತ್ತಲಿಲ್ಲ. ಅವಳೇ ಶುರು ಮಾಡಿದಳು.

"ಊಟಾ ಆಗಿ ಹಂಗ ಕಣ್ಣ ಮುಚ್ಚಿದ್ದೆ ನೋಡವಾ. ನಮ್ಮ ಖಾನಾಪುರದ ಮನಿ ಪಡಸಾಲಿ ತುಂಬ ಮಂದಿ ಬಂದು ನಿಂತಿದ್ರು. ಎಲ್ಲಾರೂ ಕುಗ್ಗಿ ಕುಗ್ಗಿ ಇಷ್ಟಿಷ್ಟ ಆಗಿದ್ರು. ನಾವು ಹೊಂಟ್ವಿ, ಅಪ್ಪಣಿ ಕೊಡ್ರಿ ಅಂದ್ರು."

"ನೀ ಏನಂದಿ?"

"ಏನಂತೀನಿ? ಮನಿಗೆ ಬಂದವರನ್ನ ಹಂಗ ಕಳಸಾಕ ಬರತೈತೇನು? ಕುಂಕುಮ ಹಚ್ಚಿ, ಹೋಗಿ ಬರ್ರಿ ಅಂದೆ."

ಹೊರಡುವವರಿಗೆ ಬರೀ 'ಹೋಗು' ಎನ್ನುವುದು ನಮ್ಮಲ್ಲಿ ಅಶುಭ. ಶತ್ರುವಿಗೂ 'ಹೋಗಿ ಬಾ' ಎಂದೇ ಹೇಳುತ್ತೇವೆ, ಮರಳಿ ಬಾ ಎಂದು ಕರೆದಂತೆಯೇ ಅದು. ಮಾವಶಿಯ ಬಾಯಿಂದ ಬೇರೆ ಮಾತು ಬರುವುದು ಸಾಧ್ಯವಿರಲಿಲ್ಲ. ಅವಳು ನಗುತ್ತಿದ್ದಳು. ನನಗೆ ಮಾತ್ರ ಆ ತಟ್ಟೆಯ ಕೋಶಗಳು ಹೋದ ಹೊತ್ತೂ ಅದೇ ಎಂಬುದು ನೆನಪಾಯಿತು. ಅದನ್ನು ಅವಳಿಗೆ ನಾನು ಅಂದೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ.

ಗುಳಿಗೆ ಹಿಡಿಯಿತು. ಅವಳ ರಕ್ತ ಚೊಕ್ಕಟವಾಯಿತು, ಅವಳು ಖಾನಾಪುರಕ್ಕೆ ಮರಳಿ ಮೊದಲಿನಂತೆ ಓಡಾಡಿದಳು. ನಾನು ಖುಷಿಪಟ್ಟೆ, ಪೇಢೆ ಹಂಚಿದೆ. ಆದರೂ ಪ್ರತಿ ಸಲ ಅವಳ ರಕ್ತದ ಗಾಜನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಆ ಕೋಶಗಳು ಮರಳಿ ಬಂದಿವೆಯೇ ಎಂದು ಎರಡೆರಡು ಸಲ ಹುಡುಕುತ್ತೇನೆ. ಅಂದು ಆ ತಟ್ಟೆಯಲ್ಲಿ ಆದದ್ದೇನು? ನನ್ನ ಓದು ಅದಕ್ಕೆ ಉತ್ತರ ಕೊಟ್ಟಿಲ್ಲ.

ಮಾವಶಿಗೆ ಈಚೆಗೆ ಮತ್ತೆ ದಣಿವು, ಕಾಯಿಲೆ ಮೊದಲು ಬಂದಾಗಿನಂತೆಯೇ ಸಂಜೆಯಾದರೆ ಸಣ್ಣ ಜ್ವರ. ನಿನ್ನೆ ಖಾನಾಪುರಕ್ಕೆ ಹೋಗಿ ರಕ್ತ ತೆಗೆದುಕೊಂಡು ಬಂದೆ. ನಾಳೆ ಅದನ್ನು ನೋಡಬೇಕು. ನಿನ್ನೆ ನಾನು ಹೊರಟಾಗ ಅವಳು ಹೊಸ್ತಿಲವರೆಗೆ ಬಂದು ನನ್ನ ಹಣೆಗೆ ಕುಂಕುಮ ಹಚ್ಚಿದಳು. 'ಹೋಗಿ' ಎಂದು ಶುರು ಮಾಡಿ, ಮುಂದಿನ ಮಾತನ್ನು ಅಲ್ಲಿಗೇ ತಡೆದು, ಕುಂಕುಮದ ಬಟ್ಟಲು ಮುಚ್ಚಿದಳು.

"ಹೋಗವಾ," ಎಂದಳು.

ಬರುತ್ತೇನೆ ಎನ್ನಲು ನನಗೂ ಧೈರ್ಯ ಬರಲಿಲ್ಲ.