ಮಡಿವಾಳೆಪ್ಪನ ಜೇನು ಮತ್ತು ಹಳೆಯ ಸ್ಟಾಪು

ಮಿಶ್ರಿಕೋಟಿಯ ಮಡಿವಾಳೆಪ್ಪ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದದ್ದು ಕಾಗದದಲ್ಲಿ ಮಾತ್ರ. ಕಂಠ ಇನ್ನೂ ಡ್ಯೂಟಿಯ ಮೇಲಿತ್ತು. ಐದು ದಿನಗಳ ಜೇನು ತರಬೇತಿ ಮುಗಿಸಿ, ಒಂದು ಪೆಟ್ಟಿಗೆ ತುಡುವೆ ಜೇನು ತಂದು ಹಿತ್ತಲಲ್ಲಿಟ್ಟ ದಿನವೇ, ಅದರ ಬಾಯಲ್ಲಿ ಗುಂಪುಗೂಡಿದ ಹುಳುಗಳಿಗೆ ಒಳಗೆ ಸರಿಯುವಂತೆ ಹೇಳಿದ. ಅವು ಸರಿದವು. ಮೂವತ್ತು ವರ್ಷಗಳಲ್ಲಿ ಇಷ್ಟು ವಿಧೇಯ ಪ್ರಯಾಣಿಕರನ್ನು ಕಂಡಿರಲಿಲ್ಲವೆಂದು ಹೆಂಡತಿ ನೀಲಕ್ಕನೆದುರು ಹೆಮ್ಮೆಪಟ್ಟ.

ನೀಲಕ್ಕನ ತಕರಾರು ವಿಧೇಯತೆಯ ಬಗ್ಗೆ ಇರಲಿಲ್ಲ. ಪೆಟ್ಟಿಗೆ ಕೂತದ್ದು ಅವಳ ಬಟ್ಟೆ ಒಗೆಯುವ ಕಲ್ಲಿನ ಬಾಜು. ಕಿವಿಗೆ ಕಚ್ಚಿಸಿಕೊಂಡ ಮೇಲೆ ಅವಳು ಗಡುವು ಕೊಟ್ಟಳು: ಅಮಾವಾಸ್ಯೆಯೊಳಗೆ ಪೆಟ್ಟಿಗೆ ನುಗ್ಗೆಮರದ ಕೆಳಗೆ ಹೋಗಬೇಕು, ಇಲ್ಲವಾದರೆ ಊರಂಚಿನ ಅಬ್ದುಲ್‌ಸಾಬನ ಹೊಲಕ್ಕೆ.

ಮರುದಿನ ಮಟಮಟ ಮಧ್ಯಾಹ್ನವೇ ಮಡಿವಾಳೆಪ್ಪ ಪೆಟ್ಟಿಗೆಯನ್ನೆತ್ತಿ ನುಗ್ಗೆಮರದ ಕೆಳಗಿಟ್ಟ. ಹೂವಿಗೆ ಹೋಗಿದ್ದ ಜೇನು ಮರಳಿ ಬಂದು, ಹಳೆಯ ಜಾಗವನ್ನೇ ಹುಡುಕಿ, ಒಗೆಯುವ ಕಲ್ಲಿನ ಮೇಲೆ ಕಪ್ಪಗೆ ಕೂತವು. ಊರ ಬಸ್ ಸ್ಟಾಪನ್ನು ಬೇವಿನ ಮರದಿಂದ ಹೊಸ ತಂಗುದಾಣಕ್ಕೆ ಸರಿಸಿದಾಗಲೂ ಜನ ವರ್ಷವಿಡೀ ಬೇವಿನ ಕೆಳಗೇ ನಿಂತು ಅವನನ್ನು ಬೈದಿದ್ದರು. ಜೇನಿನ ಪೆಟ್ಟಿಗೆ ಸರಿಸುವುದಾದರೆ ದಿನಕ್ಕೊಂದು ಮೊಳ, ಇಲ್ಲವೇ ಹುಳುಗಳಿಗೆ ಗುರುತು ಹತ್ತದಂತೆ ಮೂರ್ನಾಲ್ಕು ಕಿಲೋಮೀಟರ್ ಆಚೆ ಎಂದು ತರಬೇತಿಯಲ್ಲಿ ಹೇಳಿದ್ದರು. ಆ ಹೊತ್ತಿಗೆ ಅವನು ಪಕ್ಕದವನಿಗೆ ತನ್ನ ರೂಟಿನ ಕಥೆ ಹೇಳುತ್ತಿದ್ದ.

ಪೆಟ್ಟಿಗೆ ಮತ್ತೆ ಕಲ್ಲಿನ ಬಾಜು ಬಂತು. ತರಬೇತಿಯವರಿಗೆ ಫೋನ್ ಮಾಡಿ ಪಾಠ ಮತ್ತೆ ಕೇಳಿಕೊಂಡು, ಅಂದಿನಿಂದ ದಿನವೂ ಮುಸ್ಸಂಜೆ, ಹುಳುಗಳೆಲ್ಲ ಒಳಸೇರಿದ ಮೇಲೆ, ಮೆಲ್ಲಗೆ "ರೈಟ್" ಎಂದು ಒಂದು ಮೊಳ ಸರಿಸತೊಡಗಿದ. ಮರಕ್ಕೆ ಇಪ್ಪತ್ತು ಮೊಳ. ಅಮಾವಾಸ್ಯೆಗೆ ಹದಿನಾಲ್ಕೇ ದಿನ. ಗಡುವಿನ ಸಂಜೆ ಅಬ್ದುಲ್‌ಸಾಬ ಕೈಗಾಡಿ ತಂದಾಗ ಪೆಟ್ಟಿಗೆ ಸರಿಯಾಗಿ ಅಡುಗೆಮನೆಯ ಹಿಂಬಾಗಿಲ ಮುಂದೆ ನಿಂತಿತ್ತು. ಮಡಿವಾಳೆಪ್ಪ ಸೀಟಿ ಕಳೆದುಕೊಂಡವನಂತೆ ಕೊರಳು ಸವರಿಕೊಂಡ.

ನೀಲಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಬಂದಳು.

"ಅಬ್ದುಲಣ್ಣಾ, ನಿನ್ನ ಹೊಲಾ ಇಲ್ಲಿಂದ ಎಷ್ಟ ದೂರ?"

"ಎಲ್ಲೀ ದೂರರಿ ಅಕ್ಕಾರ. ಕರದರ ಓ ಅಂತೇನಿ."

"ಹಂಗಾರ ಬ್ಯಾಡ. ನಾಳೆ ಎಲ್ಲಾ ಹೊಳ್ಳಿ ಬಂದು ನನ್ನ ಬಾಗಲ್ದಾಗ ಕುಂಡ್ರತಾವು. ಮನಿ ನಿಮ್ಮಲ್ಲೆ, ಮಂದಿ ನಮ್ಮಲ್ಲೆ."

ತರಬೇತಿಗೆ ಅಕ್ಕನನ್ನೇ ಕಳಿಸಬೇಕಿತ್ತೆಂದು ಅಬ್ದುಲ್‌ಸಾಬ ನಕ್ಕ. ನೀಲಕ್ಕ ನಗಲಿಲ್ಲ, ಪೆಟ್ಟಿಗೆಯ ಒಂದು ಬದಿ ಹಿಡಿದು ಗಂಡನತ್ತ ತಿರುಗಿದಳು.

"ಇನ್ನ ಆರ ಮೊಳ ಐತಿ. ಬಾಗಲ್ದಾಗ ಗಾಡಿ ನಿಂದರಸಬ್ಯಾಡ್ರಿ. ಹೂಂ, ರೈಟ್ ಅನ್ರಿ."

ಮೂವತ್ತು ವರ್ಷದ ಕಂಠ ಒಮ್ಮೆಲೇ ತೆರೆದುಕೊಂಡಿತು. ಏನಾಯಿತೆಂದು ನೋಡಲು ನಾಲ್ಕೈದು ಹುಳುಗಳು ಹೊರಬಂದವು. ಅಬ್ದುಲ್‌ಸಾಬ ಕೈಗಾಡಿ ಬಿಟ್ಟು ಓಡಿದ; ಪೆಟ್ಟಿಗೆ ಒಂದು ಮೊಳ ಮುಂದೆ ಹೋಯಿತು.