ತಕಾನಿನಿಯ ಮಾಜಾಂಗ್ ಆಂಟಿ

ಅವರ ಬಲಗೈ ಹೆಬ್ಬೆರಳಿನ ತುದಿ ಸವೆದು ನುಣ್ಣಗಾಗಿತ್ತು. ಮೇಜಿನ ಮೇಲೆ ಬೋರಲು ಬಿದ್ದಿದ್ದ ಬಿಲ್ಲೆಯೊಂದನ್ನು ಎಳೆದುಕೊಂಡು, ತಿರುಗಿಸಿ ನೋಡದೆ, ಆ ಹೆಬ್ಬೆರಳಿನಿಂದ ಅದರ ಅಡಿಯ ಕೆತ್ತನೆಯನ್ನು ಒಮ್ಮೆ ಸವರಿ "ಹಕ್ಕಿ" ಎನ್ನುತ್ತಿದ್ದರು. ತಿರುಗಿಸಿದರೆ ಹಕ್ಕಿಯ ಚಿತ್ರವೇ. ಮೊದಲ ಸಲ ನೋಡಿದಾಗ ಇದರಲ್ಲೇನೋ ಮೋಸವಿದೆ ಎಂದು ನಾನು ಬಿಲ್ಲೆಯನ್ನು ಕಿತ್ತುಕೊಂಡು ಹಿಂದೆ ಮುಂದೆ ಪರೀಕ್ಷೆ ಮಾಡಿದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಕ್ಲೆಂಡಿನ ಅಂಚಿನ ತಕಾನಿನಿಯಲ್ಲಿ ನಮ್ಮ ಪಕ್ಕದ ಮನೆಯವರು. ಚೀನಾದ ಶೆನ್‌ಯಾಂಗ್ ಊರಿನವರು, ಗಂಡ ತೀರಿಕೊಂಡ ಮೇಲೆ ಮಗನ ಜೊತೆ ಇರಲು ಬಂದವರು. ನಾನು ಮೈಸೂರು ಬಿಟ್ಟು ಆಗಿನ್ನೂ ಎರಡು ವರ್ಷ. ಇದು 2014ರ ಸುಮಾರಿನ ಮಾತು. ಎಲ್ಲ ಹಿರಿಯರನ್ನೂ ಕರೆಯುವ ಹಾಗೆ ಅವರನ್ನೂ ಆಂಟಿ ಎಂದೇ ಕರೆಯುತ್ತಿದ್ದೆ. ಅವರ ಇಂಗ್ಲಿಷು ಅಷ್ಟಕ್ಕಷ್ಟೆ, ನನ್ನ ಇಂಗ್ಲಿಷು ಅವರಿಗೆ ತಿಳಿಯುತ್ತಿರಲಿಲ್ಲ, ಆದರೂ ನಾವಿಬ್ಬರೂ ಬೇಲಿಯ ಎರಡು ಕಡೆ ನಿಂತು ಗಂಟೆಗಟ್ಟಲೆ ಹರಟುತ್ತಿದ್ದೆವು. ಒಂದು ಶನಿವಾರ ಮಧ್ಯಾಹ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಮೇಜಿನ ಮುಂದೆ ಕೂರಿಸಿಯೇಬಿಟ್ಟರು. ಮಾಜಾಂಗ್ ಆಟಕ್ಕೆ ನಾಲ್ಕು ಜನ ಬೇಕು. ಆಂಟಿ, ಮಗ, ಸೊಸೆ ಸೇರಿದರೆ ಮೂರೇ. ನನಗೆ ಆಟ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಆಟ ನಮ್ಮ ರಮ್ಮಿಯ ಹಾಗೆಯೇ, ಇಸ್ಪೀಟು ಎಲೆಯ ಬದಲು ಬಿಲ್ಲೆ. ಒಂದನ್ನು ಎತ್ತಿಕೊಳ್ಳಬೇಕು, ಬೇಡವಾದ ಒಂದನ್ನು ಎಸೆಯಬೇಕು. ಬೇರೆಯವರು ಎಸೆದದ್ದು ನಮ್ಮ ಗೆಲುವಿಗೆ ಬೇಕಾದದ್ದೇ ಆದರೆ ಕೂಗಿ ತೆಗೆದುಕೊಳ್ಳಬಹುದು. ಆಂಟಿ ಬೇಡದ ಬಿಲ್ಲೆಯನ್ನು ಮೇಜಿನ ನಡುವಿಗೆ ಟಪ್ಪೆಂದು ಬಿಸಾಕುತ್ತಿದ್ದರು, ಎಲ್ಲಿ ಬಿತ್ತೋ ಅಲ್ಲಿ. ಸೊಸೆ ಮಾತ್ರ ತಾನು ಎಸೆದದ್ದನ್ನು ತನ್ನ ಮುಂದೆಯೇ ಆರಾರು ಬಿಲ್ಲೆಗಳ ಸಾಲು ಮಾಡಿ ಜೋಡಿಸುತ್ತಿದ್ದಳು. ಅವಳು ಜಪಾನಿನವಳು, ಆಕ್ಲೆಂಡಿನಲ್ಲಿ ಓದುವಾಗ ಆಂಟಿಯ ಮಗನನ್ನು ಮೆಚ್ಚಿ ಮದುವೆಯಾದವಳು; ಅತ್ತೆ ಸೊಸೆಯ ಮಾತೆಲ್ಲ ಹರುಕು ಇಂಗ್ಲಿಷಿನಲ್ಲೇ. ಜಪಾನಿನಲ್ಲಿ ಹೀಗೇ ಅಂತೆ, ಯಾರು ಏನನ್ನು ಬಿಟ್ಟರೆಂದು ಎಲ್ಲರಿಗೂ ಕೊನೆಯವರೆಗೆ ಕಾಣಬೇಕು. ಇನ್ನೂ ಒಂದು ನಿಯಮ ಹೇಳಿದಳು: ನೀನೇ ಒಮ್ಮೆ ಎಸೆದಂಥದ್ದೇ ಬಿಲ್ಲೆ ಆಮೇಲೆ ಇನ್ನೊಬ್ಬರ ಕೈಯಿಂದ ಬಿದ್ದರೆ ಅದನ್ನು ಕೂಗಿ ಗೆಲ್ಲುವ ಹಕ್ಕು ನಿನಗಿಲ್ಲ. ಆಂಟಿಗೆ ಅದು ತಮಾಷೆ. "ಇದೇನು ಆಟಾನೋ ಆಫೀಸೋ?" ಎಂದು ರೇಗಿಸುತ್ತಿದ್ದರು.

ನನಗೋ ಕುತೂಹಲ ತಡೆಯದು. ಮೈಸೂರಿನಲ್ಲಿ ನಮ್ಮ ಚೌಕಾಬಾರಕ್ಕೇ ಬೀದಿಗೊಂದು ನಿಯಮ. ಇನ್ನು ಈ ಆಟ ಸಮುದ್ರ ದಾಟಿ ಹೋಗಿ ಹೀಗೆ ಶಿಸ್ತಿನದಾದದ್ದು ಹೇಗೆ? ಚೀನಾದ ಆಟ ನಿಮ್ಮೂರಿಗೆ ಯಾರು ತಂದರು, ನಿನಗೆ ಯಾರು ಕಲಿಸಿದರು ಎಂದು ಸೊಸೆಯನ್ನು ಬಿಡದೆ ಕೇಳಿದೆ. ಅವಳು ಮೊದಲ ಸಲ ಮಾತು ತೇಲಿಸಿದಳು. ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಮುಂದಿನ ವಾರ ಮತ್ತೆ ಕೇಳಿದೆ.

"ತಾತ ಕಲಿಸಿದ್ರು. ಯುದ್ಧದಲ್ಲಿ ಅವ್ರು ಸೈನಿಕ. ಶೆನ್‌ಯಾಂಗ್‌ನಲ್ಲಿದ್ದಾಗ ಕಲಿತಿದ್ದಂತೆ" ಎಂದಳು.

ಆಂಟಿಯ ಕೈ ಬಿಲ್ಲೆಯ ಮೇಲೆ ನಿಂತುಹೋಯಿತು. ತಮ್ಮ ಮುಂದೆ ನಿಲ್ಲಿಸಿಕೊಂಡಿದ್ದ ಬಿಲ್ಲೆಗಳನ್ನು ಮೊಣಕೈಯಿಂದ ಉರುಳಿಸಿ, ಸೊಸೆಗೆ ಚೀನೀ ಭಾಷೆಯಲ್ಲಿ ಒಂದೇ ಮಾತು ಹೇಳಿ ಒಳಗೆ ಹೋದರು. ಈ ಮೇಜಿಗೆ ಇನ್ನು ಬರಬೇಡ ಎಂದರಂತೆ. ಮಗ ಬಾಗಿಲ ತನಕ ನನ್ನನ್ನು ಬಿಡಲು ಬಂದಾಗ ತಿಳಿಸಿದ. ಆಂಟಿ ಎರಡು ವರ್ಷದ ಕೂಸಾಗಿದ್ದಾಗ ಅವರಪ್ಪನನ್ನು ಜಪಾನಿನ ಸೈನಿಕರು ಅದೇ ಊರಿನಿಂದ ಕೂಲಿಗೆಂದು ಹಿಡಿದುಕೊಂಡು ಹೋಗಿದ್ದರು. ಅಪ್ಪ ಮತ್ತೆ ಬರಲೇ ಇಲ್ಲ. ಜಪಾನಿನ ಹುಡುಗಿ ಎಂದು ಗೊತ್ತಿದ್ದೂ ಸೊಸೆಯನ್ನು ಮನೆ ತುಂಬಿಸಿಕೊಂಡಿದ್ದ ಆಂಟಿ, ಅವಳ ಅಜ್ಜ ಯಾರೆಂದು ಮಾತ್ರ ಬೇಕೆಂದೇ ಕೇಳಿರಲಿಲ್ಲ. ಅವರು ಜೋಪಾನವಾಗಿ ಮುಚ್ಚಿಟ್ಟಿದ್ದ ಬಾಗಿಲನ್ನು ಒದ್ದು ತೆಗೆದವಳು ನಾನು.

ಎರಡು ತಿಂಗಳಲ್ಲಿ ಮಗನಿಗೆ ವೆಲ್ಲಿಂಗ್ಟನ್ನಿನಲ್ಲಿ ಕೆಲಸವಾಯಿತು. ಹೆಂಡತಿಯನ್ನೂ ಮೂರು ವರ್ಷದ ಮಗಳನ್ನೂ ಕರೆದುಕೊಂಡು ಹೊರಟ. ಆಂಟಿ ಜೊತೆಗೆ ಹೋಗಲು ಒಪ್ಪಲಿಲ್ಲ. ಮಗ ಫೋನ್ ಮಾಡುತ್ತಿದ್ದ, ಸೊಸೆಯ ಹೆಸರು ಬಂದರೆ ಇವರು ಫೋನ್ ಇಡುತ್ತಿದ್ದರು. ಮೊಮ್ಮಗಳ ಪುಟ್ಟ ಗಂಬೂಟು ಬಾಗಿಲ ಹೊರಗೆ ಹಾಗೇ ಇತ್ತು. ಅದನ್ನು ದಿನಾ ಒರೆಸಿಡುತ್ತಿದ್ದರು.

ಶನಿವಾರ ನಾವಿಬ್ಬರೇ ಆಡತೊಡಗಿದೆವು, ಇಬ್ಬರ ಆಟಕ್ಕೆ ರುಚಿಯಿಲ್ಲದಿದ್ದರೂ. ಒಂದು ವರ್ಷ ಕಳೆದಿರಬೇಕು. ಒಂದು ದಿನ ನೋಡುತ್ತೇನೆ, ಆಂಟಿ ಬಿಲ್ಲೆಗಳನ್ನು ನಡುವಿಗೆ ಬಿಸಾಕುತ್ತಿಲ್ಲ. ತಮ್ಮ ಮುಂದೆ ಆರಾರು ಸಾಲು ಮಾಡಿ, ಬೆರಳಿನಿಂದ ಅಂಚು ಸರಿಪಡಿಸಿ ಜೋಡಿಸುತ್ತಿದ್ದಾರೆ. ಸೊಸೆಗೊಂದು ಫೋನ್ ಮಾಡಿ ಎಂದೆ. ಬುದ್ಧಿ ಹೇಳುವ ಯೋಗ್ಯತೆ ನನಗಂತೂ ಇರಲಿಲ್ಲ; ಅಕ್ಕನ ಅತ್ತೆಯನ್ನು ಹತ್ತು ಜನರ ಮುಂದೆ ಬಾಯಿಗೆ ಬಂದಂತೆ ಅಂದುಬಿಟ್ಟು, ಅಕ್ಕನ ಜೊತೆ ನನಗೂ ಮೂರು ವರ್ಷದಿಂದ ಮಾತಿರಲಿಲ್ಲ.

ಆಂಟಿ ಸಾಲಿನ ಕಡೆ ಕೈ ತೋರಿಸಿದರು. "ಎಸೆದಿದ್ದು ನಾನೇ. ಈಗ ಹೇಗೆ ಬೇಕು ಅನ್ನಲಿ?"

"ಅದು ಅವ್ಳ ನಿಯಮ ಆಂಟಿ. ನಿಮ್ಮಲ್ಲಿ ಹಂಗಿಲ್ವಲ್ಲ" ಎಂದೆ.

ಬೈಯುತ್ತಾರೆ ಎಂದುಕೊಂಡೆ. ವೆಲ್ಲಿಂಗ್ಟನ್ನಿಗೆ ಎರಡು ಟಿಕೆಟ್ ಮಾಡಿಸು, ನೀನೂ ಬಾ ಎಂದರು.

ಆ ಊರಿನ ಗಾಳಿ ನಮ್ಮನ್ನು ಮಗನ ಮನೆಯ ಗುಡ್ಡದ ಮೆಟ್ಟಿಲ ಮೇಲೆ ಹತ್ತಲೂ ಬಿಡಲಿಲ್ಲ, ನಿಲ್ಲಲೂ ಬಿಡಲಿಲ್ಲ. ಬಾಗಿಲು ತೆಗೆದವಳು ಸೊಸೆ. ಅತ್ತೆಯನ್ನು ನೋಡಿ ಬೆಚ್ಚಿ, ತಲೆ ಬಗ್ಗಿಸಿ ನಿಂತಳು. ದಾರಿಯುದ್ದಕ್ಕೂ ಆಂಟಿ ಏನನ್ನೋ ಇಂಗ್ಲಿಷಿನಲ್ಲಿ ತುಟಿಯೊಳಗೇ ಬಾಯಿಪಾಠ ಮಾಡುತ್ತಿದ್ದರು, ಕ್ಷಮೆಯ ಮಾತಿರಬೇಕು ಎಂದು ನಾನು ಸುಮ್ಮನಿದ್ದೆ. ಕೂದಲು ಕೆದರಿಕೊಂಡು, ಏದುಸಿರು ಬಿಡುತ್ತ ಅವರು ಅವಳನ್ನು ಕೇಳಿದರು:

"ನಿನ್ನ ತಾತ ಚೆನ್ನಾಗಿ ಆಡ್ತಿದ್ರಾ?"

ಸೊಸೆ ಇಲ್ಲವೆಂದು ತಲೆಯಾಡಿಸಿದಳು. "ಸೋಲೋದೇ ಜಾಸ್ತಿ" ಎಂದವಳು ಅಲ್ಲೇ ಬಾಗಿಲಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಆಂಟಿ ತಮ್ಮ ಕೋಟಿನ ತೋಳಿನಿಂದ ಅವಳ ಮೂಗು ಒರೆಸಿದರು, ಮೊಮ್ಮಗಳಿಗೆ ಒರೆಸುವ ಹಾಗೆ. ಅಪ್ಪನ ವಿಷಯವನ್ನು ಅವರು ಮರೆತರು ಎಂದು ನಾನು ಹೇಳಲಾರೆ. ಯಾಕೆ ಮರೆಯಬೇಕು?

ಆಂಟಿ ತಕಾನಿನಿಗೆ ವಾಪಸು ಬರಲಿಲ್ಲ. ಇನ್ನೂ ಮೂರು ವರ್ಷ ಆ ಗಾಳಿಯ ಊರಿನಲ್ಲೇ ಇದ್ದು, ಮಗ ಸೊಸೆಯ ಕೈಯಲ್ಲಿ ನೀರು ಕುಡಿದು ಹೋದರು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವರಿಂದ ನನಗೆ ಸಿಕ್ಕಿದ್ದು ದೊಡ್ಡದು, ಅದನ್ನು ಅವರಿಗೆ ಹೇಳಲೇ ಇಲ್ಲ. ಮೊದಲ ಸಲ ಅವರನ್ನು ಮಗನ ಮನೆಯಲ್ಲಿ ಬಿಟ್ಟು ಒಬ್ಬಳೇ ಹಿಂತಿರುಗುವಾಗ ವೆಲ್ಲಿಂಗ್ಟನ್ ವಿಮಾನ ನಿಲ್ದಾಣದಲ್ಲಿ ಕೂತು ಮೈಸೂರಿಗೆ ಫೋನ್ ಹಚ್ಚಿದ್ದೆ. ಅಕ್ಕ ಹಲೋ ಎಂದಳು. ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ.

"ನಿಮ್ಮತ್ತೆ ಮಂಡಿನೋವು ಈಗ ಹೇಗಿದೆ ಅಕ್ಕ?" ಎಂದೆ.

"ತಡಿ, ಅವ್ರಿಗೇ ಕೊಡ್ತೀನಿ" ಎಂದಳು ಅಕ್ಕ.